ಕಲ್ಲು ಇಳಿಸಿ ಬೆಲ್ಟು ಏರಿಸಿದ್ದು

ಮನೆಯಲ್ಲಿರುವ ಈಳಿಗೆಮಣೆಯ ಅಲಗನ್ನು ಒಮ್ಮೆ ಪಕ್ಕದಿಂದ ನೋಡಿ, ಮಕ್ಕಳೇ. ಮುಟ್ಟಬೇಡಿ, ನೋಡಿದರೆ ಸಾಕು. ಬೆನ್ನಿನ ಕಡೆ ದಪ್ಪ, ಬಾಯಿಯ ಕಡೆ ತೆಳು. ಎರಡು ಮಗ್ಗುಲೂ ಸಮನಾಗಿ ಇಳಿದು ಬಂದು ಒಂದೇ ಗೆರೆಯಲ್ಲಿ ಸೇರಬೇಕು. ಒಂದು ಮಗ್ಗುಲಲ್ಲಿ ಉಬ್ಬು, ಇನ್ನೊಂದರಲ್ಲಿ ತಗ್ಗು ಇದ್ದರೆ ಸೌತೆಕಾಯಿಯ ಹೋಳು ನೇರವಾಗಿ ಬೀಳುವುದಿಲ್ಲ. ಈ ಮಗ್ಗುಲುಗಳನ್ನು ಸಮ ಮಾಡುವುದೇ ಕತ್ತಿ ಮಾಡುವವರ ಅರ್ಧ ಕೆಲಸ. ಆ ಕೆಲಸಕ್ಕೆಂದು ಒಂದು ಹಳೆಯ ಯಂತ್ರವನ್ನು ಮಾರ್ಪಡಿಸಿದ ಸಂಗತಿಯನ್ನು ನಿಮಗೆ ಹೇಳುತ್ತೇನೆ.

ನಾನು ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಟೂಲ್ ರೂಮಿನಲ್ಲಿ 31 ವರ್ಷ ದುಡಿದವನು. ನನ್ನ ಕೈಗೆ ಒಪ್ಪಿಸಿದ್ದ ಯಂತ್ರದ ಹೆಸರು ಸರ್ಫೇಸ್ ಗ್ರೈಂಡರ್. ಹೆಸರು ದೊಡ್ಡದು, ಕೆಲಸ ಸರಳ. ಲೋಹದ ತುಂಡಿನ ಮೈಯನ್ನು ಕನ್ನಡಿಯಂತೆ ಚಪ್ಪಟೆ ಮಾಡುವುದು. ಕೆಳಗೆ ಒಂದು ಮೇಜು. ಹಿಡಿ ತಿರುಗಿಸಿದರೆ ಅದು ಎಡಕ್ಕೂ ಬಲಕ್ಕೂ ಓಡಾಡುತ್ತದೆ. ಮೇಜಿನ ಮೇಲೆ ಅಯಸ್ಕಾಂತದ ಹಲಗೆ. ಉಕ್ಕಿನ ತುಂಡನ್ನು ಅದರ ಮೇಲಿಟ್ಟು ಸನ್ನೆ ಎಳೆದರೆ ಗಪ್ಪನೆ ಹಿಡಿದುಕೊಳ್ಳುತ್ತದೆ. ಮೇಲೆ ಸಾಣೆಕಲ್ಲಿನ ಚಕ್ರ ನಿಮಿಷಕ್ಕೆ 2800 ಸುತ್ತು ತಿರುಗುತ್ತಿರುತ್ತದೆ. ಅದನ್ನು ಇಳಿಸುವ ಹಿಡಿಯಲ್ಲಿ ಒಂದು ಗೆರೆ ತಿರುಗಿಸಿದರೆ ಕಲ್ಲು ಇಳಿಯುವುದು 0.01 ಮಿಲಿಮೀಟರ್ ಮಾತ್ರ. ನಿಮ್ಮ ತಲೆಗೂದಲಿನ ದಪ್ಪ ಅದರ ಐದಾರು ಪಟ್ಟು ಇರುತ್ತದೆ!

ನಾನು ನಿವೃತ್ತನಾಗುವ ಹೊತ್ತಿಗೆ ಕಂಪ್ಯೂಟರಿನಿಂದ ನಡೆಯುವ ಹೊಸ ಯಂತ್ರಗಳು ಬಂದಿದ್ದವು. ನನ್ನ ಯಂತ್ರವನ್ನು ಗುಜರಿಗೆ ಕಿಲೋ ಲೆಕ್ಕದಲ್ಲಿ ಹಾಕುವುದೆಂದು ತೀರ್ಮಾನವಾಯಿತು. ಗುಜರಿಯವನು ಕೊಡುವ ಬೆಲೆಯನ್ನು ನಾನೇ ಕೊಟ್ಟು, ಲಾರಿಗೆ ಹೇರಿಸಿ, ತಿಪಟೂರಿನ ಹತ್ತಿರದ ನಮ್ಮ ಊರಿಗೆ ತಂದೆ. ಎರಡು ವರ್ಷ ಅದು ಕೊಬ್ಬರಿ ಕೊಟ್ಟಿಗೆಯಲ್ಲಿ ಗೋಣಿ ಹೊದ್ದು ನಿಂತಿತ್ತು.

ನಮ್ಮೂರಲ್ಲಿ ಒಂದು ಕುಲುಮೆ ಇದೆ. ಆಚಾರ್ರಿಗೆ ನನಗಿಂತ ಎರಡು ವರ್ಷ ಹೆಚ್ಚು. ಸುತ್ತಲಿನ ಹಳ್ಳಿಗಳ ಮಚ್ಚು, ಕುಡುಗೋಲು, ಈಳಿಗೆ ಎಲ್ಲ ಅವರ ಕೈಯಲ್ಲೇ ಆಗಬೇಕು. ಲಾರಿಯ ಹಳೆಯ ಪಟ್ಟಾ ತಂದು, ಕಾಸಿ, ಬಡಿದು ಅಲಗು ಮಾಡುತ್ತಾರೆ. ಬಡಿಯುವುದು ಅವರಿಗೆ ಕಷ್ಟವಲ್ಲ. ಆಮೇಲೆ ಅರ ಹಿಡಿದು ಎರಡು ಮಗ್ಗುಲನ್ನೂ ಉಜ್ಜಿ ಸಮ ಮಾಡಬೇಕಲ್ಲ, ಅದು ಕಷ್ಟ. ಒಂದು ಮಚ್ಚಿಗೆ ಅರ್ಧ ದಿನ. ಬಲಗೈ ಹೆಗಲು ಮೇಲೆ ಏಳದಂತಾದ ಮೇಲೆ ಅದೂ ನಿಂತಿತು. ಮಗ ಬೆಂಗಳೂರಿನಲ್ಲಿ ಸಾಮಾನು ಮನೆಮನೆಗೆ ತಲುಪಿಸುವ ಕೆಲಸಕ್ಕೆ ಸೇರಿದ್ದ. ಒಂದು ದಿನ ಆಚಾರ್ರು, "ಈ ದೀಪಾವಳಿಗೆ ತಿದಿ ಬಿಚ್ಚಿಬಿಡ್ತೀನಿ ಅಣ್ಣಾ" ಅಂದರು. ನನಗೆ ಕೊಟ್ಟಿಗೆಯಲ್ಲಿದ್ದ ಯಂತ್ರದ ನೆನಪಾಯಿತು.

"ಹಾಗಾದರೆ ಆ ಸಾಣೆಕಲ್ಲಿನಿಂದಲೇ ಉಜ್ಜಬಹುದಿತ್ತಲ್ಲ ತಾತ?" ಎಂದು ಏಳನೇ ತರಗತಿಯ ನನ್ನ ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಕುಲುಮೆಯಿಂದ ಬಂದ ಅಲಗಿನ ಮೈಯೆಲ್ಲ ಕಪ್ಪು ಹಕ್ಕಳೆ. ಅದು ಕಲ್ಲಿನ ಸಣ್ಣ ಸಣ್ಣ ಸಂದುಗಳಲ್ಲಿ ತುಂಬಿಕೊಳ್ಳುತ್ತದೆ. ಸಂದು ತುಂಬಿದ ಕಲ್ಲು ಕೊಯ್ಯುವುದಿಲ್ಲ, ಬರಿದೇ ತಿಕ್ಕುತ್ತದೆ. ತಿಕ್ಕಿದರೆ ಬಿಸಿ. ತೆಳ್ಳನೆಯ ಅಲಗು ಬಿಸಿಯಾದರೆ ಬಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಹದ ಹೋಗುತ್ತದೆ.

ಹದ ಎಂದರೇನು? ಉಕ್ಕನ್ನು ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದಿದರೆ ಅದು ಬಹಳ ಗಟ್ಟಿಯಾಗುತ್ತದೆ, ಆದರೆ ಗಾಜಿನಂತೆ ಒಡೆಯುತ್ತದೆ. ಎಷ್ಟು ಕೆಂಪಾಗಬೇಕು ಎನ್ನುವುದಕ್ಕೂ ಒಂದು ಉಪಾಯವಿದೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಹೀಗೆ ಅದ್ದಿದ ಅಲಗನ್ನು ಮತ್ತೆ ಮೆಲ್ಲಗೆ ಕಾಸುತ್ತಾರೆ. ಆಗ ಉಜ್ಜಿದ ಮೈಮೇಲೆ ಬಣ್ಣಗಳು ಓಡುತ್ತವೆ. 220ರಿಂದ 230 ಡಿಗ್ರಿಗೆ ಒಣಹುಲ್ಲಿನ ಹಳದಿ, 255ರ ಹತ್ತಿರ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ. ಅದು ಬಳಿದ ಬಣ್ಣವಲ್ಲ. ಉಕ್ಕಿನ ಮೇಲೆ ಕೂರುವ ಅತಿ ತೆಳುವಾದ ಆಕ್ಸೈಡ್ ಪೊರೆ ಬೆಳಕಿನೊಡನೆ ಆಡುವ ಆಟ, ಸಾಬೂನಿನ ಗುಳ್ಳೆಯ ಬಣ್ಣದ ಹಾಗೆ. ಆಚಾರ್ರು ಹಳದಿಯಲ್ಲೇ ನಿಲ್ಲಿಸುತ್ತಾರೆ. ಆಮೇಲೆ ಉಜ್ಜುವಾಗ ಅಲಗಿನ ಬಾಯಿ ನೀಲಿಗೆ ತಿರುಗಿತೆಂದರೆ ಅಲ್ಲಿ ಉಕ್ಕು ಮೆತ್ತಗಾಯಿತೆಂದೇ ಅರ್ಥ. ಅಂಥ ಮಚ್ಚಿನ ಬಾಯಿ ಹತ್ತು ಎಳನೀರಿಗೆ ಮೊಂಡಾಗುತ್ತದೆ.

ಇದಕ್ಕೆ ಉಪಾಯವೆಂದರೆ ಕಲ್ಲಿನ ಬದಲು ಎಮರಿ ಬೆಲ್ಟು. ಮರಗೆಲಸದವರು ಬಳಸುವ ಉಪ್ಪುಕಾಗದ ನೋಡಿದ್ದೀರಲ್ಲ? ಅದನ್ನೇ ಗಟ್ಟಿ ಬಟ್ಟೆಯ ಮೇಲೆ ಮಾಡಿ, ತುದಿಗೆ ತುದಿ ಸೇರಿಸಿ ಉಂಗುರವಾಗಿಸಿದ ಹಾಗೆ. 50 ಮಿ.ಮೀ. ಅಗಲ, ಸುತ್ತಳತೆ 1830 ಮಿ.ಮೀ. ಅದರ ಮೈಗೆ ಅಂಟಿಸಿರುವುದು ಅಲ್ಯೂಮಿನಿಯಂ ಆಕ್ಸೈಡಿನ ಹರಳು. ಪ್ರಕೃತಿಯಲ್ಲಿ ಸಿಗುವ ಇದೇ ವಸ್ತುವಿನ ಹೆಸರು ಕುರುಂದ. ಮಾಣಿಕ್ಯ, ನೀಲಮಣಿಗಳೂ ಕುರುಂದವೇ! ಹಿಂದೆ ನಮ್ಮ ದೇಶದ ಸಾಣೆಯವರು ಕುರುಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಚಕ್ರ ಮಾಡಿಕೊಳ್ಳುತ್ತಿದ್ದರು.

ಬೆಲ್ಟು ಏಕೆ ತಣ್ಣಗೆ ಕೊಯ್ಯುತ್ತದೆ? ಇಲ್ಲೊಂದು ಸಣ್ಣ ಲೆಕ್ಕವಿದೆ. ಕಲ್ಲಿನ ಚಕ್ರದ ಮೇಲಿನ ಒಂದು ಹರಳು ಸೆಕೆಂಡಿಗೆ ಸುಮಾರು 47 ಸಲ ಅಲಗನ್ನು ಕೆರೆಯುತ್ತದೆ, 2800 ಸುತ್ತನ್ನು 60ರಿಂದ ಭಾಗಿಸಿ ನೋಡಿ. ಬೆಲ್ಟನ್ನು ಓಡಿಸುವ ಚಕ್ರದ ಅಡ್ಡಳತೆ 150 ಮಿ.ಮೀ. ಒಂದು ಸುತ್ತಿಗೆ 471 ಮಿ.ಮೀ. ಬೆಲ್ಟು ಮುಂದೆ ಹೋಗುತ್ತದೆ. ಸೆಕೆಂಡಿಗೆ ಸುಮಾರು 22 ಮೀಟರ್, ಅಂದರೆ ಗಂಟೆಗೆ 79 ಕಿಲೋಮೀಟರ್, ಹೆದ್ದಾರಿಯ ಬಸ್ಸಿನ ವೇಗ. ಆದರೆ ಬೆಲ್ಟು ಉದ್ದವಿರುವುದರಿಂದ ಅದರ ಮೇಲಿನ ಒಂದು ಹರಳು ಅಲಗಿನ ಬಳಿ ಬರುವುದು ಸೆಕೆಂಡಿಗೆ 12 ಸಲ ಮಾತ್ರ. ಉಳಿದ ಹೊತ್ತೆಲ್ಲ ಗಾಳಿಯಲ್ಲಿ ತಣ್ಣಗಾಗುತ್ತಾ ಹೋಗುತ್ತದೆ. ಒಂದು ಬೆಲ್ಟು ಸವೆದರೆ ಒಂದು ನಿಮಿಷದಲ್ಲಿ ಬೇರೆಯದು ಹಾಕಬಹುದು. ಮೊದಲು 36ನೇ ನಂಬರಿನ ಒರಟು, ಆಮೇಲೆ 60, 120, ಕೊನೆಗೆ 220. ನಂಬರು ಹೆಚ್ಚಿದಷ್ಟೂ ನುಣುಪು.

ಪೀಣ್ಯದ ನನ್ನ ಹಳೆಯ ಗೆಳೆಯನಿಗೆ ಫೋನಿನಲ್ಲಿ ಈ ಯೋಚನೆ ಹೇಳಿದೆ. ಅವನು ಸಿಟ್ಟಾದ. "ಅಷ್ಟು ನಯವಾದ ಯಂತ್ರ ಅದು. ಪಿಟೀಲು ತಗೊಂಡು ಸೌದೆ ಒಡೆಯೋಕೆ ಹೊರಟಿದ್ದೀಯಾ?" ಎಂದ. ಅವನ ಮಾತಿನಲ್ಲಿ ಹುರುಳಿತ್ತು. ಎಮರಿಯ ಪುಡಿ ಮೇಜಿನ ಜಾರುದಾರಿಗೆ ಇಳಿದರೆ ಆ ನಯ ಹಾಳಾಗುತ್ತದೆ, ಮತ್ತೆ ಬರುವುದಿಲ್ಲ. ಅದಕ್ಕೆ ಎರಡು ನಿಯಮ ಹಾಕಿಕೊಂಡೆ. ಒಂದು, ಯಂತ್ರದ ಮೈಗೆ ಹೊಸದಾಗಿ ಒಂದು ತೂತನ್ನೂ ಕೊರೆಯಬಾರದು. ಎರಡು, ಬೇಕೆಂದಾಗ ಬೆಲ್ಟು ಬಿಚ್ಚಿ ಕಲ್ಲನ್ನು ಮತ್ತೆ ಕೂರಿಸುವಂತಿರಬೇಕು.

ಕಲ್ಲನ್ನು ಇಳಿಸಿ ಅದರ ಜಾಗಕ್ಕೆ ಅಲ್ಯೂಮಿನಿಯಂ ಚಕ್ರ ಕೂರಿಸಿದೆ. ಅದರ ಹೊರಮೈಗೆ ಗಟ್ಟಿ ರಬ್ಬರು. ರಬ್ಬರು ಮೆತ್ತಗಿದ್ದರೆ ಅಲಗಿನ ಅಂಚುಗಳನ್ನು ಉರುಟು ಮಾಡಿಬಿಡುತ್ತದೆ. ಎರಡನೆಯ ಚಕ್ರ 75 ಮಿ.ಮೀ.ನದು. ಅದನ್ನು ಒಂದು ಉಕ್ಕಿನ ತೋಳಿಗೆ ಸಿಕ್ಕಿಸಿ, ಮೊದಲನೆಯ ಚಕ್ರದಿಂದ ಸುಮಾರು 740 ಮಿ.ಮೀ. ಮೇಲೆ ನಿಲ್ಲಿಸಿದೆ. ಕಲ್ಲಿನ ಕವಚ ಕೂರಿಸಲು ಮೊದಲೇ ಇದ್ದ ಬೋಲ್ಟಿನ ತೂತುಗಳಲ್ಲೇ ಈ ತೋಳು ನಿಂತಿದೆ. ಮೋಟಾರಿನ ತಲೆ ಇಳಿದಾಗ ತೋಳೂ ಜೊತೆಗೆ ಇಳಿಯುವುದರಿಂದ ಬೆಲ್ಟಿನ ಬಿಗಿ ಬದಲಾಗುವುದಿಲ್ಲ. ಬಿಗಿಗೆ ಒಂದು ಸ್ಪ್ರಿಂಗು. ಮೇಲಿನ ಚಕ್ರದ ನಡುವೆ ಸ್ವಲ್ಪ ಉಬ್ಬು ಇದೆ. ಓಡುವ ಬೆಲ್ಟು ಯಾವಾಗಲೂ ಉಬ್ಬಿನ ಕಡೆಗೇ ಹತ್ತುವುದರಿಂದ ಪಕ್ಕಕ್ಕೆ ಜಾರುವುದಿಲ್ಲ. ಇನ್ನೂ ಅತ್ತಿತ್ತ ಸರಿದರೆ ಚಕ್ರವನ್ನು ಕೂದಲೆಳೆಯಷ್ಟು ಓರೆ ಮಾಡಲು ಒಂದು ತಿರುಪು ಇದೆ. ಸುತ್ತಲೂ ತಗಡಿನ ಕವಚ. ಮೇಜಿನ ಜಾರುದಾರಿಗೆ ಹಳೆಯ ರೆಕ್ಸಿನ್ನಿನಿಂದ ಹಾರ್ಮೋನಿಯಂ ತಿದಿಯಂತೆ ಮಡಿಕೆಯ ಹೊದಿಕೆ ಹೊಲಿಸಿದೆ. ಕಿಡಿ ಬೀಳುವ ಕಡೆ ನೀರಿನ ಬಾಣಲೆ.

ಕರೆಂಟಿನ ಸಮಸ್ಯೆ ಉಳಿಯಿತು. ಮೋಟಾರು ತ್ರೀ ಫೇಸಿನದು, ಕುಲುಮೆಗೆ ಬರುವುದು ಸಿಂಗಲ್ ಫೇಸ್. ಅದಕ್ಕೆ ವಿ.ಎಫ್.ಡಿ. ಎಂಬ ಪೆಟ್ಟಿಗೆ ಸಿಗುತ್ತದೆ. ಸಿಂಗಲ್ ಫೇಸ್ ತೆಗೆದುಕೊಂಡು ತ್ರೀ ಫೇಸ್ ಮಾಡಿ ಕೊಡುತ್ತದೆ, ಗುಂಡಿ ತಿರುಗಿಸಿದರೆ ವೇಗವನ್ನೂ ಕಡಿಮೆ ಮಾಡುತ್ತದೆ. ನಡುವೆ ಕರೆಂಟು ಹೋದರೆ ಅಲಗು ಹಾರುವುದಿಲ್ಲವೇ? ಇಲ್ಲ. ನಮ್ಮ ಹಲಗೆಯದು ಶಾಶ್ವತ ಅಯಸ್ಕಾಂತ, ಕರೆಂಟಿನ ಹಂಗಿಲ್ಲ. ಆದರೆ ಎಲ್ಲ ಉಕ್ಕೂ ಅದಕ್ಕೆ ಅಂಟುವುದಿಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಗೊಂಬೆಯನ್ನು ಅಡುಗೆಮನೆಯ ಸ್ಟೀಲ್ ಪಾತ್ರೆಗಳಿಗೆಲ್ಲ ಅಂಟಿಸಿ ನೋಡಿ. ಕೆಲವಕ್ಕೆ ಅಂಟುತ್ತದೆ, ಕೆಲವಕ್ಕೆ ಇಲ್ಲ.

ಯಂತ್ರ ಸಿದ್ಧವಾಯಿತು. ನಡೆಸುವವರು ಯಾರು? ಆಚಾರ್ರು ಮುಟ್ಟಲು ಒಪ್ಪಲಿಲ್ಲ. "ನಂದೇನಿದ್ರೂ ಸುತ್ತಿಗೆ" ಅಂದರು. ಮಗ ರಜೆಗೆ ಬಂದವನು ನೋಡಿ, ಚೆನ್ನಾಗಿದೆ ಎಂದು ಹೇಳಿ ಹೊರಟುಹೋದ. ಮೂಲೆಯಲ್ಲಿ ನಿಂತು ಎಲ್ಲ ನೋಡುತ್ತಿದ್ದ ಸೊಸೆ ಕೇಳಿದಳು: "ದೊಡ್ಡಪ್ಪ, ಇದು ನನ್ನ ಹೊಲಿಗೆ ಮಿಷನ್ ಬೆಲ್ಟ್ ಥರಾನೇ ಅಲ್ವಾ? ನಾನು ಹಾಕ್ಲಾ?" ನಾನು ಹೇಳಿಕೊಟ್ಟಿದ್ದು ಒಂದೇ ಸಲ. ಬೆಲ್ಟಿನ ಬೆನ್ನ ಮೇಲಿನ ಬಾಣದ ಗುರುತು ಓಡುವ ದಿಕ್ಕಿಗೇ ಇರಬೇಕು, ಇಲ್ಲವಾದರೆ ಬೆಸುಗೆ ಬಿಚ್ಚಿಕೊಳ್ಳುತ್ತದೆ ಎಂದೆ. ಅವಳು ತಲೆಯಾಡಿಸಿ ಹಾಕಿಯೇ ಬಿಟ್ಟಳು.

ಈಗ ಅವಳೇ ಯಂತ್ರದ ಯಜಮಾನಿ. ಸೆರಗು ಬಿಗಿದು ಕಟ್ಟಿ ಮೇಲೊಂದು ಷರ್ಟು ತೊಡುತ್ತಾಳೆ, ಕೂದಲು ಗಂಟು, ಕೈಗೆ ಬಳೆಯಿಲ್ಲ, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು. ಓಡುವ ಬೆಲ್ಟಿನ ಹತ್ತಿರ ಕೈಗವಸು ಹಾಕಬಾರದು, ಸಿಕ್ಕಿಕೊಂಡರೆ ಕೈಯನ್ನೇ ಎಳೆಯುತ್ತದೆ. ಬಾಗಿದ ಅಲಗು ಬಂದರೆ ಅಯಸ್ಕಾಂತ ಅದನ್ನು ಎಳೆದು ನೇರ ಮಾಡಿ ತೋರಿಸುತ್ತದೆ, ಉಜ್ಜಿ ಬಿಟ್ಟ ಕೂಡಲೇ ಮತ್ತೆ ಬಾಗುತ್ತದೆ. ಅದಕ್ಕೆ ಅಲಗಿನ ಕೆಳಗಿನ ಸಂದಿಗೆ ಕಾಗದದ ಮಡಿಕೆ ತುರುಕಿ, ಒಂದು ಮಗ್ಗುಲು ಸ್ವಲ್ಪ, ಮಗುಚಿ ಇನ್ನೊಂದು ಮಗ್ಗುಲು ಸ್ವಲ್ಪ, ಹೀಗೆ ಉಜ್ಜುತ್ತಾಳೆ. ಎಷ್ಟು ಮಡಿಕೆ ಬೇಕೆಂಬುದು ಅವಳಿಗೆ ನನಗಿಂತ ಬೇಗ ತಿಳಿಯುತ್ತದೆ. ಅರ್ಧ ದಿನದ ಕೆಲಸ ಅರ್ಧ ಗಂಟೆಗೆ ಬಂದಿದೆ.

ಬೆಲ್ಟಿನಿಂದ ಕಲ್ಲಿನಷ್ಟು ನಿಖರತೆ ಬರುವುದಿಲ್ಲ. ರಬ್ಬರು ಬಗ್ಗುತ್ತದೆ, ಬೆಸುಗೆ ಬಂದಾಗಲೆಲ್ಲ ಟಕ್ ಎನ್ನುತ್ತದೆ. ಮಚ್ಚಿಗೂ ಈಳಿಗೆಗೂ ಅಷ್ಟು ನಿಖರತೆ ಬೇಕಿಲ್ಲ. ಹೋದ ಬೇಸಿಗೆಯಲ್ಲಿ ಪಂಪ್‌ಸೆಟ್ ರಿಪೇರಿಯವರು ಒಂದು ಉಕ್ಕಿನ ಫಲಕ ತಂದು ಚಪ್ಪಟೆ ಮಾಡಿಕೊಡಿ ಎಂದರು. ಬೆಲ್ಟು ಬಿಚ್ಚಿ, ಯಂತ್ರದ ಮೈಯನ್ನೆಲ್ಲ ಒರೆಸಿ, ಹಳೆಯ ಕಲ್ಲನ್ನು ತಂದೆವು. ಕೂರಿಸುವ ಮೊದಲು ಅದನ್ನು ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ಕೇಳಿದೆವು, ಸಂತೆಯಲ್ಲಿ ಅಜ್ಜಿ ಮಡಕೆ ತಟ್ಟಿ ನೋಡುವ ಹಾಗೆ. ಠಣ್ ಎಂದರೆ ಗಟ್ಟಿ, ಬದ್ದ ಎಂದರೆ ಒಳಗೆ ಬಿರುಕು. ಠಣ್ ಎಂದಿತು. ಆ ದಿನ ಪೀಣ್ಯದ ಗೆಳೆಯನೂ ಊರಿಗೆ ಬಂದಿದ್ದ, ಜೇಬಿನಲ್ಲಿ ಡಯಲ್ ಗೇಜು. ಉಜ್ಜಿದ ಫಲಕದ ಮೇಲೆ ಈ ತುದಿಯಿಂದ ಆ ತುದಿಗೆ ಅದನ್ನು ಎಳೆದ. ಮುಳ್ಳು ಒಂದು ಗೆರೆಯನ್ನೂ ದಾಟಲಿಲ್ಲ. ಅವನು ಗೇಜನ್ನು ಪೆಟ್ಟಿಗೆಗೆ ಹಾಕಿ, "ಕಾಫಿ ಇದ್ಯೇನೋ?" ಎಂದ. ಪಿಟೀಲಿನ ಮಾತು ಮತ್ತೆ ಬರಲಿಲ್ಲ.

ಆಚಾರ್ರ ಮನೆತನದ ಗುರುತು ಮೂರು ಚುಕ್ಕಿ. ಅಲಗು ಇನ್ನೂ ಬಿಸಿಯಿರುವಾಗಲೇ ಹಿಡಿಯ ಬುಡದಲ್ಲಿ ಉಳಿಯಿಂದ ಕುಟ್ಟುತ್ತಾರೆ. ಯಂತ್ರ ಬಂದ ಮೇಲೆ ಚುಕ್ಕಿ ಸವೆದುಹೋದೀತೆಂದು ಅವರಿಗೆ ಅಳುಕಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ. ಸೊಸೆ ಅದಕ್ಕೂ ದಾರಿ ಹುಡುಕಿದ್ದಾಳೆ. "ಮಾವ, ನೀವು ಒಂದೇ ಆಳಕ್ಕೆ ಕುಟ್ಟಿ ಕೊಡಿ. ಚುಕ್ಕಿ ಅರ್ಧಕ್ಕೆ ಬಂದಾಗ ನಾನು ಯಂತ್ರ ನಿಲ್ಲಿಸ್ತೀನಿ." ಈಗ ಎಷ್ಟು ಉಜ್ಜಬೇಕೆಂಬ ಅಳತೆಯೇ ಆ ಮೂರು ಚುಕ್ಕಿ. ಯಂತ್ರದ ಹಿಡಿಯ ಗೆರೆಗಳನ್ನು ಅವಳು ಈಗ ನೋಡುವುದೇ ಕಡಿಮೆ.