ನಡುವಿನ ಊರು, ಎರಡು ನಿಲ್ದಾಣ

ಕಿತ್ತೂರಿನಲ್ಲಿ ನಿಂತವರಿಗೆ ಎರಡು ವಿಮಾನ ನಿಲ್ದಾಣಗಳು ಹೆಚ್ಚುಕಡಿಮೆ ಸಮ ದೂರ. ಹೆದ್ದಾರಿ ಹಿಡಿದು ಒಂದು ದಿಕ್ಕಿಗೆ ಹೋದರೆ ಧಾರವಾಡ ದಾಟಿ ಹುಬ್ಬಳ್ಳಿ. ಇನ್ನೊಂದು ದಿಕ್ಕಿಗೆ ಹೋದರೆ ಬೆಳಗಾವಿ, ಅದರಾಚೆ ಸಾಂಬ್ರಾ. ಎರಡಕ್ಕೂ ಐವತ್ತು ಅರವತ್ತು ಕಿಲೋಮೀಟರು. "ನಮ್ಮೂರಿನ ದೈವ ದೊಡ್ಡದರಿ, ಎರಡೂ ಕಡೆ ವಿಮಾನ" ಎಂದು ಅಲ್ಲಿಯವರು ಹೇಳುವುದುಂಟು. ಹಾಗೆ ಹೇಳುವವರಲ್ಲಿ ವಿಮಾನ ಹತ್ತಿದವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಆ ಊರಿನ ಮಾಸ್ತರರೊಬ್ಬರ ಮನೆಗೆ ಬೆಳಗಿನ ಪೇಪರಿನ ಜೊತೆ ಒಂದು ಬಣ್ಣದ ಕರಪತ್ರ ಬಂದು ಬಿದ್ದಾಗ ಈ ದೈವದ ಮಾತು ನಿಜವೇ ಎಂದು ನೋಡುವ ಪ್ರಸಂಗ ಬಂತು. ವಿಮಾನ ನಿಲ್ದಾಣದ ಕೆಲಸಕ್ಕೆ ತಯಾರು ಮಾಡುವ ಒಂದು ವರ್ಷದ ಡಿಪ್ಲೊಮಾ. ಶುಲ್ಕ ಒಂದೂಕಾಲು ಲಕ್ಷ. 'ನಿಮ್ಮ ಮನೆಯ ಪಕ್ಕದಲ್ಲೇ ಎರಡು ವಿಮಾನ ನಿಲ್ದಾಣ, ಉದ್ಯೋಗ ಖಚಿತ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಮಗಳು ಆಗಷ್ಟೇ ವಿಜ್ಞಾನ ತೆಗೆದುಕೊಂಡು ದ್ವಿತೀಯ ಪಿಯುಸಿ ಮುಗಿಸಿದ್ದಳು. ಅವಳಿಗೆ ವಿಮಾನದ ಹುಚ್ಚು. ಅವಳ ತಾಯಿಗೆ ಆ ಹುಚ್ಚೇನೂ ಇರಲಿಲ್ಲ. ಆದರೆ 'ಮನೆಯ ಪಕ್ಕದಲ್ಲೇ' ಎಂಬ ಮಾತು ಆಕೆಗೆ ಹಿಡಿಸಿಬಿಟ್ಟಿತು. ಹುಬ್ಬಳ್ಳಿಯಲ್ಲಿ ಸಿಗದಿದ್ದರೆ ಬೆಳಗಾವಿ, ಬೆಳಗಾವಿಯಲ್ಲಿ ಸಿಗದಿದ್ದರೆ ಹುಬ್ಬಳ್ಳಿ. ಹುಡುಗಿ ಸಂಜೆಗೆ ಮನೆಗೆ ಬರುತ್ತಾಳೆ. ಪತ್ತಿನ ಸಂಘದಲ್ಲಿ ಇಟ್ಟಿದ್ದ ಠೇವಣಿಯನ್ನು ಮುರಿಸಲು ಆಕೆ ಅಂದೇ ಸಿದ್ಧಳಾದಳು.

ಮಾಸ್ತರರು ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅವರಿಗೆ ಶಾಲೆಯ ಗೋಡೆಯ ಮೇಲಿನ ನಕ್ಷೆ ನೆನಪಾಗಿತ್ತು.

ಅವರು ಕಲಿಸುವುದು ಸಮಾಜ ವಿಜ್ಞಾನ. 2019ರಲ್ಲಿ, ಮಗಳು ಐದೋ ಆರೋ ಇಯತ್ತೆಯಲ್ಲಿದ್ದಾಗ, ಅವರು ಮಕ್ಕಳ ಕೈಯಿಂದಲೇ ಕರ್ನಾಟಕದ ದೊಡ್ಡದೊಂದು ನಕ್ಷೆ ಮಾಡಿಸಿ ಅದರ ಮೇಲೆ ಗುಂಡುಸೂಜಿ ಚುಚ್ಚಿ, ಊರಿಂದ ಊರಿಗೆ ಉಲ್ಲನ್ ದಾರ ಎಳೆಸಿದ್ದರು. ಹುಬ್ಬಳ್ಳಿಯಿಂದ ಹೊರಟ ವಿಮಾನಕ್ಕೆ ನೀಲಿ ದಾರ, ಬೆಳಗಾವಿಯದಕ್ಕೆ ಕೆಂಪು. ಪೇಪರಿನಲ್ಲಿ ಹೊಸ ಮಾರ್ಗದ ಸುದ್ದಿ ಬಂದ ದಿನ ಮಕ್ಕಳಲ್ಲಿ ದಾರ ಕಟ್ಟುವವರು ಯಾರು ಎಂಬ ಜಗಳ. ಆ ಕಾಲವೇ ಹಾಗಿತ್ತು. ಸಣ್ಣ ಊರುಗಳಿಗೆ ವಿಮಾನ ತರುವ 'ಉಡಾನ್' ಯೋಜನೆಯನ್ನು ಕೇಂದ್ರ ಸರ್ಕಾರ 2016ರಲ್ಲಿ ಪ್ರಕಟಿಸಿ, 2017ರ ಏಪ್ರಿಲ್‌ನಲ್ಲಿ ಮೊದಲ ವಿಮಾನ ಹಾರಿಸಿತ್ತು. ಒಂದು ತಾಸಿನ ಹಾರಾಟಕ್ಕೆ ಸುಮಾರು 2,500 ರೂಪಾಯಿ! ವಿಮಾನದ ಅರ್ಧ ಸೀಟುಗಳನ್ನು ಈ ದರಕ್ಕೆ ಕೊಡಬೇಕಿತ್ತು. ಕಂಪನಿಗೆ ಆಗುವ ನಷ್ಟವನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತಿತ್ತು. ಆ ಮೂರು ವರ್ಷ ಅದೇ ಮಾರ್ಗದಲ್ಲಿ ಇನ್ನೊಂದು ಕಂಪನಿಗೆ ಸೌಲಭ್ಯ ಇರಲಿಲ್ಲ.

ಜಗಳ ಶುರುವಾದದ್ದೂ ಇಲ್ಲಿಂದಲೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಟ್ಟಿದ ಸಾಂಬ್ರಾ ನಿಲ್ದಾಣಕ್ಕೂ, ಗೋಕುಲ ರಸ್ತೆಯ ಹುಬ್ಬಳ್ಳಿ ನಿಲ್ದಾಣಕ್ಕೂ 2017ರಲ್ಲೇ ಹೊಸ ಟರ್ಮಿನಲ್ ಬಂದಿದ್ದವು. ಆದರೆ ಉಡಾನ್ ಪಟ್ಟಿಯಲ್ಲಿ ಮೊದಲು ಹೆಸರು ಬಂದದ್ದು ಹುಬ್ಬಳ್ಳಿಯದು. 2018ರಲ್ಲಿ ಸ್ಪೈಸ್‌ಜೆಟ್ ಬೆಳಗಾವಿಯಲ್ಲಿದ್ದ ತನ್ನ ವಿಮಾನಗಳನ್ನು ಎತ್ತಿ ಹುಬ್ಬಳ್ಳಿಗೆ ಒಯ್ದಿತು. ಹುಬ್ಬಳ್ಳಿಯಲ್ಲಿ ಪೇಢೆ ಹಂಚಿದರೋ ಇಲ್ಲವೋ, ಬೆಳಗಾವಿಯಲ್ಲಿ ಮಾತ್ರ ಪ್ರತಿಭಟನೆಗಳಾದವು. 2019ರ ಜನವರಿಯಲ್ಲಿ, ಉಡಾನ್‌ನ ಮೂರನೇ ಸುತ್ತಿನಲ್ಲಿ, ಬೆಳಗಾವಿಯ ಹೆಸರೂ ಬಂತು. ನಕ್ಷೆಯಲ್ಲಿ ಕೆಂಪು ದಾರಗಳು ಜೇಡರಬಲೆಯ ಹಾಗೆ ಹಬ್ಬಿದವು. ಬೆಳಗಾವಿಯಿಂದ ಮೈಸೂರಿಗೆ ನೇರ ವಿಮಾನ ಎಂದು ಕೇಳಿ ಮಾಸ್ತರರೇ ಎರಡು ಸಲ ಪೇಪರು ಓದಿದ್ದರು.

ಆಮೇಲೆ ಏನಾಯಿತೆಂದು ಮಕ್ಕಳು ಕೇಳಲಿಲ್ಲ. ಕೊರೊನಾ ಬಂತು, ಶಾಲೆ ಮುಚ್ಚಿತು, ತೆರೆಯಿತು. ಮೂರು ವರ್ಷದ ಅವಧಿಗಳು ಒಂದೊಂದಾಗಿ ಮುಗಿದವು. ಬೆಳಗಾವಿ-ಮೈಸೂರು ಹಾರುತ್ತಿದ್ದ ಟ್ರೂಜೆಟ್ 2022ರಲ್ಲಿ ಹಾರಾಟವನ್ನೇ ನಿಲ್ಲಿಸಿತು. ದಾರ ಬಿಚ್ಚುವ ಕೆಲಸಕ್ಕೆ ಮಕ್ಕಳಲ್ಲಿ ಜಗಳವಿರಲಿಲ್ಲ. ಮಾಸ್ತರರೇ ಬಿಡುವಿನ ವೇಳೆಯಲ್ಲಿ ಬಿಚ್ಚಿದರು. ಸೂಜಿಯ ತೂತುಗಳು ನಕ್ಷೆಯಲ್ಲಿ ಹಾಗೇ ಉಳಿದವು.

ಅದಕ್ಕೇ ಅವರು ಶುಲ್ಕ ಕಟ್ಟುವ ಮೊದಲು ಒಂದು ರವಿವಾರ ಮಗಳನ್ನು ಕರೆದುಕೊಂಡು ಹೊರಟರು. ಯಾವ ನಿಲ್ದಾಣಕ್ಕೆ ಎಂಬುದು ಇಲ್ಲಿ ಬೇಡ. ಹೇಳಿದರೆ ಇನ್ನೊಂದು ಊರಿನವರು ನಕ್ಕಾರು. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಹೊರಗಿನ ಚಹಾದ ಅಂಗಡಿಯಲ್ಲಿ ಕುಳಿತರು. ಒಂದು ವಿಮಾನ ಬಂತು, ಹೋಯಿತು. ಬಹಳ ಹೊತ್ತು ಏನೂ ಇಲ್ಲ. ಪಾಳಿ ಮುಗಿಸಿ ಬಂದ ಒಬ್ಬ ಹುಡುಗಿಯನ್ನು ಮಾಸ್ತರರು ಮಾತಿಗೆಳೆದರು. ಬೈಲಹೊಂಗಲ ಕಡೆಯವಳು, ಇಂಥದೇ ಕೋರ್ಸು ಮಾಡಿದವಳು. ಕೆಲಸ ಗುತ್ತಿಗೆಯದು.

"ನಾವೇ ಚೆಕ್-ಇನ್ ಮಾಡ್ತೀವ್ರಿ. ಅದು ಮುಗಿದ ಮ್ಯಾಲೆ ನಾವೇ ಓಡಿ ಹೋಗಿ ಗೇಟಿನ್ಯಾಗ ನಿಂದ್ರತೀವಿ. ಮಂದಿ ನೋಡಿ ಈಕಿನ್ನ ಈಗಷ್ಟ ಅಲ್ಲಿ ನೋಡಿದ್ವಲ್ಲ ಅಂತಾರ" ಎಂದು ನಕ್ಕಳು.

"ಕೆಲಸ ಕಾಯಂ ಆಗ್ತದೇನವಾ?"

"ವಿಮಾನ ಕಾಯಂ ಆದ್ರ ನಾವು ಕಾಯಂ ಆಗ್ತೀವ್ರಿ ಸರ್. ಒಂದು ವಿಮಾನ ಕಡಿಮಿ ಆತಂದ್ರ ನಮ್ಮೊಳಗ ಒಂದಿಬ್ಬರು ಕಡಿಮಿ."

ಮಗಳು ಅವಳ ಸಮವಸ್ತ್ರವನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಕುಳಿತವಳು ಧಾರವಾಡವೋ ಹಿರೇಬಾಗೇವಾಡಿಯೋ ಬಂದದ್ದನ್ನೂ ಗಮನಿಸಲಿಲ್ಲ.

ಅಂದು ರಾತ್ರಿ ಮಾಸ್ತರರು ತಮ್ಮ ಹಳೆಯ ಶಿಷ್ಯನೊಬ್ಬನಿಗೆ ಫೋನು ಹಚ್ಚಿದರು. ಅವನು ವಿಮಾನ ನಿಲ್ದಾಣ ಪ್ರಾಧಿಕಾರದಲ್ಲಿ ದೂರದ ಊರಿನಲ್ಲಿದ್ದಾನೆ. ಹೀಗೆ ಹೀಗೆ, ನನಗೆ ವಿಮಾನದ ಲೆಕ್ಕ ತಿಳಿಸಿ ಹೇಳಪ್ಪಾ ಅಂದರು. ಶಿಷ್ಯನಿಗೆ ಗುರುಗಳಿಗೆ ಪಾಠ ಹೇಳುವ ಅವಕಾಶ ಸಿಕ್ಕಿತ್ತು, ಬಿಡುತ್ತಾನೆಯೇ?

ಅವನು ಹೇಳಿದ್ದು ಇಷ್ಟು: ವಿಮಾನ ತುಂಬಿದ್ದರೂ ಖಾಲಿ ಇದ್ದರೂ ಪೈಲಟ್ಟಿನ ಸಂಬಳ ಅಷ್ಟೇ, ವಿಮಾನದ ಬಾಡಿಗೆ ಅಷ್ಟೇ, ಎಣ್ಣೆಯೂ ಹೆಚ್ಚುಕಡಿಮೆ ಅಷ್ಟೇ. ಐವತ್ತು ಸೀಟಿನ ವಿಮಾನದಲ್ಲಿ ಹತ್ತು ಖಾಲಿ ಹೋದರೆ ಐದರಲ್ಲಿ ಒಂದು ಪಾಲು ಆದಾಯ ಹೋಯಿತು. ದೊಡ್ಡ ಏರ್‌ಬಸ್ ತಂದರೆ ಸೀಟಿಗೆ ಬೀಳುವ ಖರ್ಚು ಇಳಿಯುತ್ತದೆ, ಆದರೆ ನೂರಾ ಎಂಬತ್ತು ಮಂದಿ ಬೇಕು. ಬೈಲಹೊಂಗಲ, ಕಿತ್ತೂರು, ಧಾರವಾಡದಲ್ಲಿ ಇರುವವರು ಅದೇ ಜನ. ಅವರು ಇತ್ತ ಹೋದರೆ ಅತ್ತ ಕಡಿಮೆ, ಅತ್ತ ಹೋದರೆ ಇತ್ತ ಕಡಿಮೆ. ಒಂದು ರೊಟ್ಟಿಯನ್ನು ಎರಡು ಮಾಡಿದರೆ ರೊಟ್ಟಿ ಎರಡಾಗುತ್ತದೆಯೇ, ಸರ್?

"ರನ್‌ವೇ ಉದ್ದ ಮಾಡಿದರೆ ಬರುವುದಿಲ್ಲವೇನೋ?" ಎಂದು ಮಾಸ್ತರರು ಕೇಳಿದರು.

ಬರಬೇಕೆಂದೇನೂ ಇಲ್ಲ. ಮೈಸೂರಿನ ರನ್‌ವೇ 1,740 ಮೀಟರ್. ದೊಡ್ಡ ವಿಮಾನಕ್ಕೆ ಸಾಲದು, ನಿಜ. ಆದರೆ 2023ರ ಮಾರ್ಚ್‌ನಲ್ಲಿ ಬೆಂಗಳೂರು ಹೆದ್ದಾರಿ ತೆರೆದ ಮೇಲೆ ಅಲ್ಲಿಂದ ಬೆಂಗಳೂರಿಗೆ ವಿಮಾನ ಯಾರಿಗೆ ಬೇಕು? ಕಲಬುರಗಿಯ ರನ್‌ವೇ ಮೂರು ಕಿಲೋಮೀಟರಿಗೂ ಉದ್ದ, ಶಿವಮೊಗ್ಗದ್ದೂ ಹಾಗೆಯೇ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗಕ್ಕೆ ಮೊದಲ ಪ್ರಯಾಣಿಕ ವಿಮಾನ ಬಂದದ್ದು ಆಗಸ್ಟ್ ಕೊನೆಗೆ. ಬೀದರಿನದು ಇನ್ನೊಂದು ಕಥೆ: ಹೈದರಾಬಾದಿನ ಖಾಸಗಿ ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರಿನ ಷರತ್ತು ಇದ್ದುದರಿಂದ ವರ್ಷಗಟ್ಟಲೆ ಕಾದು, 2020ರಲ್ಲಿ ಶುರುವಾಗಿ, ನಿಂತು, ಮತ್ತೆ ಶುರುವಾಗಿ, ಮತ್ತೆ ನಿಂತು, 2025ರಲ್ಲಿ ಪುನಃ ಹಾರಿತು. ಮಹಾಲೇಖಪಾಲರು 2023ರಲ್ಲಿ ಕೊಟ್ಟ ವರದಿಯ ಅಂಕಿಗಳನ್ನೂ ಅವನು ಹೇಳಿದ. ಉಡಾನ್‌ನ ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳ ಪೈಕಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದವು 112. ಸಹಾಯಧನ ನಿಂತ ಮೇಲೂ 2023ರ ಮಾರ್ಚ್‌ವರೆಗೆ ಉಳಿದುಕೊಂಡವು 54.

ಮಾಸ್ತರರು ಈ ಐದು ಸಂಖ್ಯೆಗಳನ್ನು ಕರಪತ್ರದ ಹಿಂಬದಿಗೇ ಬರೆದುಕೊಂಡರು. ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನೂ ಹಾಕಿದರು. ಕಿತ್ತೂರಿನಿಂದ ನಿಲ್ದಾಣಕ್ಕೆ ಒಂದೂವರೆ ತಾಸು. ಅಲ್ಲಿ ಮುಂಚಿತವಾಗಿ ಹೋಗಿ ಕಾಯುವುದು ಒಂದೂವರೆ ತಾಸು. ಹಾರಾಟ ಸುಮಾರು ಒಂದು ತಾಸು. ದೇವನಹಳ್ಳಿಯಿಂದ ಬೆಂಗಳೂರಿನ ಒಳಗೆ ಸೇರಲು ಮತ್ತೆ ಒಂದೂವರೆ, ಆ ಊರಿನ ದಟ್ಟಣೆ ದಯೆ ತೋರಿಸಿದರೆ. ಆಕಾಶದಲ್ಲಿ ಒಂದು ತಾಸು ಹಾರಲು ನೆಲದ ಮೇಲೆ ನಾಲ್ಕೂವರೆ ತಾಸು. ರಾತ್ರಿ ಬಸ್ಸಿನಲ್ಲಿ ಮಲಗಿದರೆ ಬೆಳಿಗ್ಗೆ ಮೆಜೆಸ್ಟಿಕ್. ವಂದೇ ಭಾರತ್ ರೈಲು 2023ರಲ್ಲಿ ಧಾರವಾಡಕ್ಕೆ ಬಂದಿತ್ತು, 2025ರ ಆಗಸ್ಟ್‌ನಲ್ಲಿ ಬೆಳಗಾವಿಯಿಂದಲೂ ಶುರುವಾಯಿತು. ಬೆಳಗಾವಿಗೆ ಹುಬ್ಬಳ್ಳಿಯ ಮೇಲೆ ಕಣ್ಣು, ಹುಬ್ಬಳ್ಳಿಗೆ ಬೆಳಗಾವಿಯ ಮೇಲೆ ಕಣ್ಣು. ಪ್ರಯಾಣಿಕನನ್ನು ಎತ್ತಿಕೊಂಡು ಹೋಗುವ ಬಸ್ಸನ್ನು ಇಬ್ಬರೂ ನೋಡಿಲ್ಲ. ಬೆಳಗಾವಿಗಂತೂ ಅತ್ತ ಕೊಲ್ಲಾಪುರ, ಇತ್ತ 2023ರಲ್ಲಿ ಶುರುವಾದ ಗೋವಾದ ಮೋಪಾ ಬೇರೆ.

ಹಾಗಾದರೆ ನಿಲ್ದಾಣಗಳೇ ಬೇಡವೇ? ಹಾಗೆ ಹೇಳಲು ಮಾಸ್ತರರಿಗೂ ಮನಸ್ಸಿಲ್ಲ. ದಿಲ್ಲಿಗೋ ಹೈದರಾಬಾದಿಗೋ ಅವಸರದಲ್ಲಿ ಹೋಗಬೇಕಾದ ರೋಗಿಗೆ, ವ್ಯಾಪಾರಿಗೆ ಬಸ್ಸಿನ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಎರಡು ನಿಲ್ದಾಣಗಳೂ ಬೆಂಗಳೂರಿನ ಮಾರ್ಗಕ್ಕೇ ಕಿತ್ತಾಡುವ ಬದಲು ದೂರದ ಊರುಗಳನ್ನು ಹಂಚಿಕೊಂಡರೆ, ಹುಬ್ಬಳ್ಳಿಯದು ಹುಬ್ಬಳ್ಳಿಗೆ, ಬೆಳಗಾವಿಯದು ಬೆಳಗಾವಿಗೆ ಅಂತ ಆದರೆ, ಎರಡೂ ಬದುಕಿಯಾವು. ಆದರೆ ಹಂಚುವವರು ಯಾರು? 2024ರ ಮಾರ್ಚ್ 10ರಂದು ಎರಡೂ ನಿಲ್ದಾಣಗಳ ಹೊಸ ಟರ್ಮಿನಲ್‌ಗಳಿಗೆ ಒಂದೇ ದಿನ ಶಂಕುಸ್ಥಾಪನೆಯಾಯಿತು. ಜಗಳವಾಡುವ ಅವಳಿ ಮಕ್ಕಳಿಗೆ ಒಂದೇ ಬಗೆಯ ಅಂಗಿ ಹೊಲಿಸಿದ ಹಾಗೆ. ಕಟ್ಟಡ ಸರ್ಕಾರದ್ದು, ಅದು ಎಲ್ಲಿಗೂ ಹೋಗುವುದಿಲ್ಲ. ಮಾರ್ಗ ಕಂಪನಿಯದು, ಅದಕ್ಕೆ ಚಕ್ರವೂ ಉಂಟು, ರೆಕ್ಕೆಯೂ ಉಂಟು.

ಫೋನು ಇಡುವ ಮೊದಲು ಶಿಷ್ಯ ಕೇಳಿದ್ದ: "ಸರ್, ತಂಗಿ ಫಿಸಿಕ್ಸ್, ಮ್ಯಾಥ್ಸ್ ಓದಿದ್ದಾಳಲ್ಲವೇ? ಅದೇ ವಿಷಯಗಳಲ್ಲಿ ಬಿ.ಎಸ್ಸಿ ಮಾಡಿದರೆ ನಮ್ಮ ಪ್ರಾಧಿಕಾರದ ಪರೀಕ್ಷೆ ಬರೆಯಬಹುದು. ವಿಮಾನ ಸಂಚಾರ ನಿಯಂತ್ರಣದ ಕೆಲಸ, ಟವರಿನಲ್ಲಿ. ಪರೀಕ್ಷೆ ಸುಲಭ ಇಲ್ಲ, ಬರೆದವರಿಗೆಲ್ಲ ಸಿಗುವುದೂ ಇಲ್ಲ. ಸಿಕ್ಕರೆ ತರಬೇತಿ ಪ್ರಯಾಗರಾಜಿನಲ್ಲೋ ಹೈದರಾಬಾದಿನಲ್ಲೋ ಆಗಬಹುದು. ಆಮೇಲೆ ದೇಶದಲ್ಲಿ ಎಲ್ಲಿಗೆ ಹಾಕಿದರೆ ಅಲ್ಲಿಗೆ ಹೋಗಬೇಕು. ಮನೆಯ ಪಕ್ಕ ಅಂತ ನಾನು ಹೇಳಲಾರೆ."

ಇದನ್ನು ಕೇಳಿ ಮಗಳು ಒಂದು ದಿನ ಮಾತಾಡಲಿಲ್ಲ. ಒಂದು ವರ್ಷಕ್ಕೆ ಸಮವಸ್ತ್ರ ಹಾಕಬೇಕೆಂದಿದ್ದವಳಿಗೆ ಮೊದಲು ಪದವಿ, ಆಮೇಲೆ ಪರೀಕ್ಷೆ, ಅದೂ ಸಿಕ್ಕರೆ ಸಿಕ್ಕಿತು! ಮಾಸ್ತರರೂ ಒತ್ತಾಯ ಮಾಡಲಿಲ್ಲ. ಕರಪತ್ರವನ್ನು ಅಂಕಿಗಳು ಮೇಲೆ ಕಾಣುವಂತೆ ಮೇಜಿನ ಮೇಲೆ ಇಟ್ಟು ಶಾಲೆಗೆ ಹೋದರು. ಮೂರನೆಯ ದಿನ ಅವಳೇ ಧಾರವಾಡದ ಕಾಲೇಜಿನ ಅರ್ಜಿ ತಂದು ತುಂಬಲು ಕುಳಿತಳು.

ತಾಯಿಗೆ ಮಾತ್ರ ಸಮಾಧಾನವಾಗಿರಲಿಲ್ಲ. ಒಲೆಯ ಮುಂದಿನಿಂದಲೇ ಕೇಳಿದಳು: "ಅಲ್ಲವಾ, ಎಲ್ಲೋ ಅಸ್ಸಾಮಿಗೆ ಹಾಕಿದ್ರ ಹಬ್ಬಕ್ಕ ಮನಿಗೆ ಹೆಂಗ ಬರ್ತಿ?"

"ವಿಮಾನದಾಗ ಬರ್ತೀನಿ."

"ಎಲ್ಲಿ ಇಳೀತಿ? ಹುಬ್ಬಳ್ಯಾಗೋ, ಬೆಳಗಾವ್ಯಾಗೋ?"

ಮಗಳು ಅರ್ಜಿಯಿಂದ ತಲೆ ಎತ್ತಲಿಲ್ಲ. "ಆವಾಗ ಎಲ್ಲಿಗೆ ವಿಮಾನ ಇರ್ತದ ಅಲ್ಲಿ" ಅಂದಳು.

"ಎರಡೂ ಕಡೆ ಇಲ್ಲಂದ್ರ?"

"ಬೆಂಗಳೂರಾಗ ಇಳಿದು ರಾತ್ರಿ ಬಸ್ಸಿಗೆ ಬರ್ತಾಳ ಬಿಡ" ಎಂದರು ಮಾಸ್ತರರು, ಅಂಗಿ ತೊಡುತ್ತಾ.