ನೀರಿನ ಮೇಲಿನ ಅಪವಾದ

ನಮ್ಮ ಬೀದರ ಜಿಲ್ಲೆಯಲ್ಲಿ ಯಾರ ತಲೆಯ ಕೂದಲು ಉದುರಿದರೂ ಮೊದಲು ಅಪರಾಧಿಯ ಕಟಕಟೆಯಲ್ಲಿ ನಿಲ್ಲುವುದು ನೀರು. ಬೆಂಗಳೂರಿಗೆ ನೌಕರಿಗೆಂದು ಹೋದ ಹುಡುಗ ಹಬ್ಬಕ್ಕೆ ಊರಿಗೆ ಬಂದಾಗ ನೆತ್ತಿ ಕಂಡರೆ, "ಅಲ್ಲಿಯ ನೀರು ಹಿಡಿಸಲಿಲ್ಲ" ಎನ್ನುತ್ತೇವೆ. ಅತ್ತಕಡೆಯಿಂದ ವರ್ಗವಾಗಿ ಇಲ್ಲಿಗೆ ಬಂದ ಅಧಿಕಾರಿಗಳ ನೆತ್ತಿ ಕಂಡರೆ, ಅವರ ಮನೆಯವರು ನಮ್ಮ ನೀರಿನ ಕಡೆಗೆ ಬೆರಳು ತೋರಿಸುತ್ತಾರೆ. ನೀರಿಗೆ ಬಾಯಿಲ್ಲ, ವಕೀಲರನ್ನು ಇಟ್ಟುಕೊಳ್ಳುವ ಶಕ್ತಿಯೂ ಇಲ್ಲ. ಆದುದರಿಂದ ಅದರ ಪರವಾಗಿ ನಾಲ್ಕು ಮಾತು ಹೇಳೋಣವೆಂದು ಹೊರಟಿದ್ದೇನೆ.

ಇದಕ್ಕೆ ಕಾರಣಳಾದವಳು ನನ್ನ ಅಕ್ಕನ ಮಗಳು. ಅಕ್ಕನ ಮನೆ ಬಸವಕಲ್ಯಾಣದಲ್ಲಿ. ಮಗಳನ್ನು ಕೊಟ್ಟದ್ದು ಹುಮನಾಬಾದಿಗೆ. ನಡುವೆ ಇರುವುದು ಹೆಚ್ಚೆಂದರೆ ಒಂದು ಗಂಟೆಯ ಬಸ್ಸಿನ ದಾರಿ. ಚೊಚ್ಚಲ ಹೆರಿಗೆ ಪದ್ಧತಿಯಂತೆ ತವರಿನಲ್ಲಿ, ದಸರೆಯ ಹೊತ್ತಿಗೆ ಆಯಿತು. ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ ಬಾಣಂತಿಯನ್ನು ತೊಟ್ಟಿಲ ಸಮೇತ ಗಂಡನ ಮನೆಗೆ ಕಳುಹಿಸಿದರು. ಹೋಗಿ ಹದಿನೈದು ದಿನವಾಗಿರಲಿಲ್ಲ, ಕೂದಲು ಉದುರತೊಡಗಿತು. ಉದುರುವುದೆಂದರೆ ಬಾಚಣಿಗೆಗೆ ನಾಲ್ಕು ಎಳೆ ಸಿಕ್ಕುವುದಲ್ಲ. ತಲೆ ತೊಳೆದ ದಿನ ಬಚ್ಚಲ ಮೋರಿ ಕಟ್ಟಿಕೊಳ್ಳುವಷ್ಟು.

ಅಕ್ಕ ಕಲ್ಯಾಣದಲ್ಲಿ ಕುಳಿತೇ ತೀರ್ಪು ಕೊಟ್ಟಳು: "ಹುಮನಾಬಾದಿನ ನೀರು ನಮ್ಮ ಹುಡುಗಿಗಿ ಹಿಡೀಲಿಲ್ಲ. ಇಲ್ಲಿದ್ದಾಗ ಒಂದು ಎಳಿ ಉದುರಿದ್ದಿಲ್ಲ." ಹುಮನಾಬಾದಿನ ಬೀಗತಿಯವರು ಸುಮ್ಮನಿರುವವರೆ? "ಎರಡು ವರ್ಷ ಇದೇ ನೀರಾಗ ತಲಿ ತೊಳಕೊಂಡಾಳ, ಆಗೇನೂ ಆಗಿದ್ದಿಲ್ಲ. ಬಾಣಂತನದಾಗ ತಲಿಗಿ ಎಣ್ಣಿ ಬರೋಬ್ಬರಿ ಹಚ್ಚಿಲ್ಲ, ಅದಕ್ಕ ಹಿಂಗಾಗ್ಯಾದ" ಎಂದರು. ಮಾತಿಗೆ ಮಾತು ಬೆಳೆಯಿತು. ನಮ್ಮ ಭಾವನವರು ಎರಡು ಕ್ಯಾನು ಕಲ್ಯಾಣದ ನೀರನ್ನು ಬಸ್ಸಿನಲ್ಲಿ ಮಗಳಿಗೆ ಕಳುಹಿಸಿದ ದಿನ ಎರಡು ಮನೆಗಳ ನಡುವೆ ಮಾತೇ ನಿಂತಿತು.

ಇಲ್ಲಿ ಒಂದು ವಿಚಿತ್ರವಿದೆ. ಅಕ್ಕ ಹೇಳಿದ್ದೂ ನಿಜ, ಬೀಗತಿಯವರು ಹೇಳಿದ್ದೂ ನಿಜ. ತವರಿನಲ್ಲಿದ್ದಾಗ ಕೂದಲು ಉದುರಿರಲಿಲ್ಲ. ಎರಡು ವರ್ಷ ಅದೇ ನೀರಿನಲ್ಲಿ ಮಿಂದರೂ ಏನೂ ಆಗಿರಲಿಲ್ಲ. ಇಬ್ಬರೂ ಸತ್ಯವನ್ನೇ ಹೇಳಿ, ಇಬ್ಬರೂ ತಪ್ಪು ತೀರ್ಮಾನಕ್ಕೆ ಬಂದದ್ದು ಹೇಗೆ? ಇದನ್ನು ತಿಳಿಯಬೇಕಾದರೆ ಕೂದಲಿನ ದಿನಚರಿಯನ್ನು ಸ್ವಲ್ಪ ತಿಳಿಯಬೇಕು.

ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿವೆ. ಪ್ರತಿಯೊಂದೂ ಎರಡರಿಂದ ಆರು ವರ್ಷ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆಯುತ್ತದೆ. ಆಮೇಲೆ ಎರಡು ಮೂರು ವಾರಗಳಲ್ಲಿ ಬೇರು ಬೆಳೆಸುವ ಕೆಲಸವನ್ನು ನಿಲ್ಲಿಸಿ, ಸುಮಾರು ಮೂರು ತಿಂಗಳು ವಿಶ್ರಾಂತಿ ತೆಗೆದುಕೊಳ್ಳುತ್ತದೆ. ಆ ವಿಶ್ರಾಂತಿಯ ಕಾಲದಲ್ಲಿ ಹಳೆಯ ಕೂದಲು ತಲೆಯಲ್ಲೇ ನಿಂತಿರುತ್ತದೆ. ಅವಧಿ ಮುಗಿದಾಗ ಉದುರಿ ಹೊಸದಕ್ಕೆ ಜಾಗ ಬಿಡುತ್ತದೆ. ದಿನಕ್ಕೆ ಐವತ್ತರಿಂದ ನೂರು ಕೂದಲು ಹೀಗೆ ಹೋಗುವುದು ಸಹಜ. ಎಲ್ಲ ಕೂದಲೂ ಒಂದೇ ಸಲ ರಜೆ ಹಾಕುವುದಿಲ್ಲವಾದ್ದರಿಂದ ಹೋದದ್ದು ಯಾರಿಗೂ ತಿಳಿಯುವುದಿಲ್ಲ.

ಬಸಿರಿನ ದಿನಗಳಲ್ಲಿ ಈ ಸರದಿ ಬದಲಾಗುತ್ತದೆ. ಆಗ ಮೈಯಲ್ಲಿ ಏರುವ ಹಾರ್ಮೋನುಗಳಿಂದಾಗಿ, ರಜೆಗೆ ಹೋಗಬೇಕಾದ ಕೂದಲುಗಳೂ ಬೆಳೆಯುತ್ತಲೇ ಇರುತ್ತವೆ. ಬಸುರಿಯ ಜಡೆ ದಪ್ಪವಾಯಿತೆಂದು ಹೆಂಗಸರು ದೃಷ್ಟಿ ತೆಗೆಯುವುದು ಸುಮ್ಮನಲ್ಲ. ಹೆರಿಗೆಯಾದೊಡನೆ ಆ ಹಾರ್ಮೋನುಗಳು ಇಳಿದು, ತಡೆದು ನಿಂತಿದ್ದ ಕೂದಲುಗಳೆಲ್ಲ ಒಟ್ಟಿಗೆ ರಜೆಗೆ ಹೊರಡುತ್ತವೆ. ಆದರೆ ಉದುರುವುದು ಅಂದೇ ಅಲ್ಲ. ಎರಡರಿಂದ ನಾಲ್ಕು ತಿಂಗಳು ಕಳೆದ ಮೇಲೆ. ನಮ್ಮ ಹುಡುಗಿಯ ಕೂದಲಿಗೆ ದಸರೆಯಲ್ಲೇ ಹೊರಡುವ ಅಪ್ಪಣೆ ಸಿಕ್ಕಿತ್ತು. ಹೊರಟದ್ದು ಸಂಕ್ರಾಂತಿಯ ಮೇಲೆ. ಆ ಹೊತ್ತಿಗೆ ಅವಳು ಹುಮನಾಬಾದಿನಲ್ಲಿದ್ದಳು, ಅಷ್ಟೆ. ಕಲ್ಯಾಣದಲ್ಲೇ ಇದ್ದಿದ್ದರೂ ಉದುರುತ್ತಿತ್ತು. ಕಾಶಿಯ ಗಂಗೆಯಲ್ಲಿ ಮಿಂದಿದ್ದರೂ ಉದುರುತ್ತಿತ್ತು.

ಹೆರಿಗೆಗೆ ಮಾತ್ರವಲ್ಲ, ವಿಷಮಶೀತ ಜ್ವರ, ಡೆಂಗಿ, ದೊಡ್ಡ ಶಸ್ತ್ರಚಿಕಿತ್ಸೆ, ಮನೆಯಲ್ಲೊಂದು ಸಾವು, ಹಟ ಹಿಡಿದು ಮಾಡಿದ ಉಪವಾಸ ಇವಕ್ಕೂ ಕೂದಲು ಉತ್ತರ ಕೊಡುತ್ತದೆ. ಆದರೆ ಎರಡು ಮೂರು ತಿಂಗಳು ತಡಮಾಡಿ ಕೊಡುತ್ತದೆ. ೨೦೨೦ ಮತ್ತು ೨೦೨೧ರಲ್ಲಿ ಕೊರೋನಾ ಜ್ವರದಿಂದ ಎದ್ದ ಅನೇಕರು, ಜ್ವರವನ್ನು ಮರೆತಿದ್ದಾಗ ಕೂದಲು ಉದುರುವುದನ್ನು ಕಂಡು ಗಾಬರಿಯಾದರು. ಕೂದಲು ತರುವುದು ಹಳೆಯ ಸುದ್ದಿ. ನಾವು ಮಾತ್ರ ಅದನ್ನು ಇಂದಿನ ಸುದ್ದಿಯೆಂದು ಓದಿ, ಇಂದು ಮಿಂದ ನೀರನ್ನೂ ಇಂದು ಹಚ್ಚಿದ ಸಾಬೂನನ್ನೂ ಹಿಡಿದು ಜಗಳಕ್ಕೆ ನಿಲ್ಲುತ್ತೇವೆ. ಗಡುಸು ನೀರು ಕೂದಲ ಎಳೆಯನ್ನು ಒರಟಾಗಿಸಬಹುದು, ತುದಿ ಮುರಿಯುವಂತೆ ಮಾಡಬಹುದು. ಆದರೆ ಬೇರು ಇರುವುದು ಚರ್ಮದೊಳಗೆ ಕೆಲವು ಮಿಲಿಮೀಟರು ಆಳದಲ್ಲಿ; ಚೊಂಬಿನ ನೀರಿಗೆ ಅಲ್ಲಿಗೆ ಪ್ರವೇಶವಿಲ್ಲ.

ಈ ತಡವಾದ ಸುದ್ದಿಯಿಂದ ಲಾಭ ಪಡೆಯುವವರೂ ಇದ್ದಾರೆ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಗೆ ಬಂದ ನಮ್ಮ ಅಕ್ಕ, ಯಾವನೋ ತಿರುಗುವ ವ್ಯಾಪಾರಿಯ ಹತ್ತಿರ ಬೇರು ನಾರು ತುಂಬಿದ ಎಣ್ಣೆಯ ಬಾಟಲಿಯೊಂದನ್ನು ಕೊಂಡು ಮಗಳ ಕೈಯಲ್ಲಿಟ್ಟಳು. ಬೇಸಿಗೆ ಬರುವ ಹೊತ್ತಿಗೆ ಹಣೆಯ ಅಂಚಿನಲ್ಲಿ ಗರಿಕೆಯಂತೆ ಹೊಸ ಕೂದಲು ಹುಟ್ಟಿತು. ಹೆರಿಗೆಯ ಮೇಲೆ ಉದುರಿದ್ದು ಸಾಮಾನ್ಯವಾಗಿ ಕೂಸಿಗೆ ವರ್ಷ ತುಂಬುವುದರೊಳಗೆ ತಾನೇ ಮರಳುತ್ತದೆ. ಆದರೂ ಅದು ಮರಳುವ ಹೊತ್ತಿಗೆ ಯಾರ ಕೈಯಲ್ಲಿ ಬಾಟಲಿ ಇರುತ್ತದೆಯೋ ಅವರ ಕೊರಳಿಗೆ ಹಾರ ಬೀಳುತ್ತದೆ. ಆರು ತಿಂಗಳು ತಪ್ಪದೆ ಹಚ್ಚಿರಿ ಎಂದು ವ್ಯಾಪಾರಿ ಹೇಳುವುದರಲ್ಲಿ ಎಷ್ಟು ಲೋಕಾನುಭವವಿದೆ ನೋಡಿ!

ಇಷ್ಟೇ ಆಗಿದ್ದರೆ ಇದು ನಗುವ ವಿಷಯವಾಗಿ ಮುಗಿಯುತ್ತಿತ್ತು. ಮಾತು ನಿಂತ ಎರಡು ಮನೆಗಳ ನಡುವೆ ಸೋದರಮಾವನಾದ ನಾನು ಹೋಗಿ, ಹುಡುಗಿಯನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಅವರು ನೀರಿನ ಮಾತನ್ನೇ ಎತ್ತಲಿಲ್ಲ. ಹೆರಿಗೆಯಾಗಿ ಎಷ್ಟು ದಿನವಾಯಿತೆಂದು ಕೇಳಿದರು. ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡಿದರು. "ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೆ?" ಎಂದರು.

"ಬರ್ತದ್ರಿ" ಎಂದಳು ಹುಡುಗಿ. "ಕೂಸಿನ ಬಟ್ಟಿ ಹಿಂಡೋದ್ರಾಗ ಕೈ ಸೋಲ್ತಾವ. ಬಾಣಂತಿಗಿ ಇಷ್ಟು ಇರೋದೇ ಅಂತ ಸುಮ್ಮಿದ್ದೆ."

ರಕ್ತ ಪರೀಕ್ಷೆಯಾಯಿತು. ಹೆಂಗಸರಿಗೆ ಕಡಿಮೆಯೆಂದರೂ ೧೨ ಗ್ರಾಮು ಇರಬೇಕಾದ ಹಿಮೋಗ್ಲೋಬಿನ್ ಅವಳಲ್ಲಿ ೮ ಇತ್ತು. ಕೂದಲು ಉದುರಿದ್ದು ಮುಖ್ಯವಾಗಿ ಹೆರಿಗೆಯಿಂದ; ಮೈಯಲ್ಲಿ ಕಬ್ಬಿಣ ತೀರಿದರೂ ಕೂದಲು ಉದುರುವುದುಂಟು, ಥೈರಾಯಿಡ್ ಏರುಪೇರಾದರೂ ಉದುರುವುದುಂಟು, ಅದಕ್ಕೇ ಎರಡನ್ನೂ ನೋಡಬೇಕು ಎಂದರು ವೈದ್ಯರು. ನಾನು ಅಂದು ಯೋಚಿಸಿದ್ದು ಬೇರೆ. ಎರಡು ಮನೆಯ ಹಿರಿಯರು ಸೇರಿ ಆ ಹುಡುಗಿಯ ಒಂದೊಂದು ಕೂದಲನ್ನೂ ಲೆಕ್ಕ ಹಾಕಿದ್ದರು. ಅವಳ ದಣಿವನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅವಳೇ ಹಿಡಿದಿರಲಿಲ್ಲ. ಕೂದಲು ಉದುರದಿದ್ದರೆ ಅವಳು ಆಸ್ಪತ್ರೆಯ ಮೆಟ್ಟಿಲನ್ನೇ ತುಳಿಯುತ್ತಿರಲಿಲ್ಲ.

೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ೧೫ರಿಂದ ೪೯ ವರ್ಷದ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆ ಇದೆ. ಸರ್ಕಾರದ ಯೋಜನೆಯಲ್ಲಿ ಬಸುರಿಗೆ ೧೮೦ ದಿನ, ಹೆರಿಗೆಯ ಮೇಲೆ ಮತ್ತೆ ೧೮೦ ದಿನ ಕಬ್ಬಿಣದ ಮಾತ್ರೆ ಪುಕ್ಕಟೆಯಾಗಿ ಸಿಗುತ್ತದೆ. ತವರಿನಲ್ಲಿ ಆ ಮಾತ್ರೆಗಳು ಮಾಡದಲ್ಲಿ ಹಾಗೇ ಕುಳಿತಿದ್ದವು. ಹೊಟ್ಟೆ ಕೆಡುತ್ತದೆಂದು ಯಾರೋ ಬಿಡಿಸಿದ್ದರು. ಬಾಣಂತಿಗೆ ಶೀತವೆಂದು ಸೊಪ್ಪನ್ನೂ ಬಿಡಿಸಿದ್ದರು. ಊಟವಾದೊಡನೆ ಚಾ ಕುಡಿಯುವ ನಮ್ಮ ಕಡೆಯ ಅಭ್ಯಾಸ ಊಟದಲ್ಲಿದ್ದ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಪಲ್ಯದ ಮೇಲೆ ಹಿಂಡಿದ ನಿಂಬೆ ಹತ್ತಿಸುತ್ತದೆ. ಇಷ್ಟನ್ನು ತಿಳಿಸಿ ವೈದ್ಯರು ನಮ್ಮನ್ನು ಕಳುಹಿಸಿದರು.

ಹೀಗೆ ಹೋಗಿ ಬರುವ ಕೂದಲು ಒಂದು ಬಗೆ. ಹೋದದ್ದು ಬರದಿರುವುದು ಇನ್ನೊಂದು ಬಗೆ. ಗಂಡಸರ ಹಣೆ ಎರಡು ಬದಿಯಿಂದ ಹಿಂದಕ್ಕೆ ಸರಿದು ನೆತ್ತಿಯನ್ನು ಸೇರುವುದು ಈ ಎರಡನೆಯದು. ಬೀಜ ಒಡೆಸಿಕೊಂಡ ಗಂಡಸರಿಗೆ ತಲೆ ಬೋಳಾಗುವುದಿಲ್ಲವೆಂಬುದನ್ನು ಪ್ರಾಚೀನ ಗ್ರೀಕರೇ ಗಮನಿಸಿದ್ದರು. ೧೯೪೨ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಅದಕ್ಕೆ ಪುರುಷ ಹಾರ್ಮೋನೇ ಕಾರಣವೆಂದು ತೋರಿಸಿಕೊಟ್ಟರು. ಬೋಳುತಲೆಯವರಿಗೆ ಆ ಹಾರ್ಮೋನು ಹೆಚ್ಚಾಗಿರುತ್ತದೆಂದಲ್ಲ; ಅವರ ಕೂದಲ ಬೇರುಗಳು ಅದಕ್ಕೆ ಬೇಗ ಮಣಿಯುತ್ತವೆ, ಪ್ರತಿ ಸಲವೂ ಹಿಂದಿಗಿಂತ ಸಣ್ಣ ಎಳೆಯನ್ನು ಹುಟ್ಟಿಸುತ್ತ ಕೊನೆಗೆ ನವಿರು ರೋಮವಷ್ಟೇ ಉಳಿಯುತ್ತದೆ. ಇದು ತಾಯಿಯ ಕಡೆಯಿಂದಲೂ ಬರಬಹುದು, ತಂದೆಯ ಕಡೆಯಿಂದಲೂ ಬರಬಹುದು. ಸೋದರಮಾವನ ತಲೆಯೊಂದನ್ನೇ ನೋಡಿ ಅಳಿಯಂದಿರು ಭವಿಷ್ಯ ಹೇಳಿಕೊಳ್ಳುವುದು ಅನ್ಯಾಯ. ಈ ಮಾತನ್ನು ನಾನು ಸ್ವಂತ ಹಿತದಿಂದಲೂ ಹೇಳುತ್ತಿದ್ದೇನೆ.

ಇದಕ್ಕೆ ಮದ್ದೇ ಇಲ್ಲವೆಂದಲ್ಲ. ರಕ್ತದ ಒತ್ತಡಕ್ಕೆ ಕೊಡುತ್ತಿದ್ದ ಮಿನಾಕ್ಸಿಡಿಲ್ ರೋಗಿಗಳ ಮೈಮೇಲೆಲ್ಲ ರೋಮ ಬೆಳೆಸಿದ್ದನ್ನು ಕಂಡು, ತಲೆಗೆ ಹಚ್ಚುವ ಔಷಧವಾಗಿ ೧೯೮೮ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಕೊಟ್ಟರು. ೧೯೯೭ರಲ್ಲಿ ಗಂಡಸರಿಗಾಗಿ ಫಿನಾಸ್ಟರೈಡ್ ಮಾತ್ರೆ ಬಂತು. ಇದ್ದದ್ದನ್ನು ಉಳಿಸುವುದರಲ್ಲಿ ಇವಕ್ಕೆ ಶಕ್ತಿ ಹೆಚ್ಚು. ಬಿಟ್ಟರೆ ಲಾಭವೂ ಬಿಡುತ್ತದೆ. ವೈದ್ಯರನ್ನು ಕೇಳದೆ ತೆಗೆದುಕೊಳ್ಳುವ ವಸ್ತುಗಳು ಇವಲ್ಲ.

ಇನ್ನು ಕೂದಲು ನಿಂತಿರುವ ನೆಲದ ಮಾತು. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜಭೋಗಗಳ ನಡುವೆ ಎಣ್ಣೆಸ್ನಾನಕ್ಕೂ ಸ್ಥಾನವಿದೆ. ಎಣ್ಣೆಯನ್ನು ನಾನು ನಿಂದಿಸುವವನಲ್ಲ. ಕೊಬ್ಬರಿ ಎಣ್ಣೆ ಕೂದಲ ಎಳೆ ಸವೆಯದಂತೆ ಕಾಪಾಡುತ್ತದೆ. ತಿಕ್ಕುವ ಕೈಯ ಸುಖವಂತೂ ಇದ್ದೇ ಇದೆ. ಆದರೆ ಬೇರನ್ನು ಎಬ್ಬಿಸುವ ಶಕ್ತಿ ಅದಕ್ಕಿಲ್ಲ. ಹೊಟ್ಟಿದ್ದವರು ಎಣ್ಣೆ ಹಚ್ಚಿ ದಿನಗಟ್ಟಲೆ ಬಿಡುವುದು ಕೇಡು. ಹೊಟ್ಟಿನ ಹಿಂದಿರುವ ಸೂಕ್ಷ್ಮ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಅದಕ್ಕೆ ಬೇಕಾದದ್ದು ತಲೆಯನ್ನು ಆಗಾಗ ತೊಳೆಯುವುದು, ಹೋಗದಿದ್ದರೆ ಕೀಟೊಕೊನಜೋಲ್ ಇರುವ ಶಾಂಪೂ. ಹುಡುಗಿಯರ ಜಡೆಯನ್ನು ಕಣ್ಣು ಮೇಲೇರುವಂತೆ ಬಿಗಿದು ಹೆಣೆಯುವುದರಿಂದ ಹಣೆಯಂಚಿನ ಬೇರುಗಳು ಸೋತು ಶಾಶ್ವತವಾಗಿ ಹೋಗಬಹುದು. ಬೋಳಿಸಿದರೆ ದಟ್ಟವಾಗಿ ಬರುತ್ತದೆಂಬುದು ಬರಿಯ ಭ್ರಮೆ. ಕತ್ತರಿಸಿದ ತುದಿ ಮೊಂಡಾಗಿ ದಪ್ಪ ಕಾಣುತ್ತದೆ, ಅಷ್ಟೆ.

ನಮ್ಮ ನೆತ್ತಿ ನಮಗೆ ಕಾಣುವುದಿಲ್ಲ, ಕಾಣುವುದು ಕ್ಷೌರಿಕನಿಗೆ. ಬಸವಣ್ಣನವರ ಸಂಗಾತಿ ಹಡಪದ ಅಪ್ಪಣ್ಣನವರನ್ನು ತಮ್ಮ ಹಿರಿಯರೆಂದು ನೆನೆಯುವ ಈ ಕಸುಬಿನವರು ನಮ್ಮ ಊರುಗಳಲ್ಲಿ ಎಷ್ಟೋ ಸಲ ವೈದ್ಯರಿಗಿಂತ ಮೊದಲೇ ರೋಗವನ್ನು ಕಾಣುತ್ತಾರೆ. "ಸಾಹೇಬರ, ಇಲ್ಲಿ ರೂಪಾಯಿ ಅಗಲ ಜಾಗ ಖಾಲಿ ಆಗ್ಯಾದ ನೋಡ್ರಿ" ಎಂದು ಅವರು ಹೇಳಿದರೆ ಹುಳು ತಿಂದಿದೆಯೆಂದು ಬೆಳ್ಳುಳ್ಳಿ ಉಜ್ಜುತ್ತ ಕೂರಬೇಡಿ. ಅಲ್ಲಿ ಹುಳು ಇಲ್ಲ; ಮೈಯ ಕಾವಲು ಪಡೆಯೇ ತಪ್ಪಿ ಕೂದಲ ಬೇರಿನ ಮೇಲೆ ಬಿದ್ದಿರುತ್ತದೆ. ಮಕ್ಕಳ ತಲೆಯಲ್ಲಿ ಹೊಪ್ಪಳೆಯೆದ್ದು ಕೂದಲು ಮುರಿದಿದ್ದರೆ ಅದು ಹೆಚ್ಚಾಗಿ ಗಜಕರ್ಣ; ಬರಿಯ ಮುಲಾಮಿಗೆ ಬಗ್ಗದು, ಹೊಟ್ಟೆಗೆ ಮಾತ್ರೆ ಬೇಕು. ನೋವು, ಕೀವು, ಅಥವಾ ರಂಧ್ರವೇ ಕಾಣದ ನುಣುಪು ಚರ್ಮ ಇದ್ದರೆ ತಡಮಾಡಬಾರದು; ಅಲ್ಲಿ ಬೇರೇ ಸಾಯುತ್ತಿರಬಹುದು.

ಕೂದಲಿನ ಪ್ರಶ್ನೆ ಕಲ್ಯಾಣಕ್ಕೆ ಹೊಸದಲ್ಲ. ಅಕ್ಕಮಹಾದೇವಿ ಕೂದಲಿನಿಂದ ಮೈ ಮರೆಸಿಕೊಂಡು ಅನುಭವ ಮಂಟಪಕ್ಕೆ ಬಂದಾಗ, ಎಲ್ಲವನ್ನೂ ಬಿಟ್ಟವಳಿಗೆ ಈ ಮರೆ ಏಕೆಂದು ಅಲ್ಲಮಪ್ರಭುಗಳು ಕೇಳಿದರೆಂದು 'ಶೂನ್ಯಸಂಪಾದನೆ' ಹೇಳುತ್ತದೆ. ಅದು ತನಗಾಗಿ ಅಲ್ಲ, ನೋಡುವವರಿಗೆ ನೋವಾಗದಿರಲೆಂದು ಎಂಬ ಭಾವದ ಉತ್ತರವನ್ನು ಆಕೆ ಕೊಟ್ಟಳು. ಇಂದಿಗೂ ನಮ್ಮ ಹೆಣ್ಣುಮಕ್ಕಳ ಕೂದಲು ಬಹುಮಟ್ಟಿಗೆ ನೋಡುವವರಿಗಾಗಿಯೇ ಇದೆ. ಅದು ತೆಳುವಾದರೆ ನೋಡುವವರು ಪಂಚಾಯಿತಿ ಸೇರಿಸುತ್ತಾರೆ.

ಪಂಚಾಯಿತಿ ಸೇರಿಸುವುದಾದರೆ ಒಂದು ಸೂಚನೆ. ಮನೆಯಲ್ಲಿ ಯಾರ ಕೂದಲಾದರೂ ಇದ್ದಕ್ಕಿದ್ದಂತೆ ಉದುರತೊಡಗಿದರೆ, ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ಹಾಳೆ ಹಿಂದಕ್ಕೆ ತಿರುವಿ ನೋಡಿ. ಅಲ್ಲೊಂದು ಜ್ವರವೋ ಹೆರಿಗೆಯೋ ದುಃಖವೋ ಸಿಕ್ಕರೆ ಸಮಾಧಾನದಿಂದಿರಿ. ಸಿಗದಿದ್ದರೆ, ಆರು ತಿಂಗಳಾದರೂ ನಿಲ್ಲದಿದ್ದರೆ ವೈದ್ಯರನ್ನು ಕಾಣಿ. ಎರಡರಲ್ಲಿ ಯಾವುದೇ ಆಗಲಿ, ಉದುರಿದ್ದನ್ನು ಎಣಿಸುವ ಮೊದಲು ಆ ಮನುಷ್ಯರನ್ನು ಒಂದು ಮಾತು ಕೇಳಿ: ಊಟ ಸೇರುತ್ತದೆಯೆ, ನಿದ್ದೆ ಬರುತ್ತದೆಯೆ, ಮೆಟ್ಟಿಲು ಹತ್ತಿದರೆ ಉಸಿರು ಹತ್ತುತ್ತದೆಯೆ?