ಬೋರ್ಡು ನೋಡದ ಹುಡುಗ

ಸೀತಾಂಗೋಳಿಯ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಪಾಠದ ಹೊತ್ತಿಗೆ ಅವನ ಕಣ್ಣು ಕಿಟಕಿಯ ಎಡ ಮೂಲೆಯಲ್ಲೇ. "ಬೋರ್ಡು ನೋಡು ಮಾರಾಯ" ಎಂದು ನಾವು ದಿನಾ ಗದರುತ್ತಿದ್ದೆವು. ಅಪ್ಪನ ಅಪಘಾತವನ್ನು ಅವನು ಕಣ್ಣಾರೆ ಕಂಡವನೆಂದು ತಿಳಿದದ್ದು ತಡವಾಗಿ.

ಆಮೇಲೆ ಹುಡುಕಿ ಓದಿದೆವು. ಚಿಕಿತ್ಸಕರ ಬೆರಳನ್ನು ಕಣ್ಣಿನಿಂದ ಹಿಂಬಾಲಿಸುತ್ತಾ ಕಹಿ ನೆನಪನ್ನು ಹಗುರ ಮಾಡುವ ಇಎಂಡಿಆರ್ ಚಿಕಿತ್ಸೆಯನ್ನು ಅಮೆರಿಕದ ಫ್ರಾನ್ಸಿನ್ ಶಪಿರೊ 1987ರಲ್ಲಿ ಆರಂಭಿಸಿದರು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೂ ಅದನ್ನು ಶಿಫಾರಸು ಮಾಡಿತು. ಅದರಲ್ಲೇ ಪಳಗಿದ ಡೇವಿಡ್ ಗ್ರ್ಯಾಂಡ್ 2003ರಲ್ಲಿ 'ಬ್ರೈನ್‌ಸ್ಪಾಟಿಂಗ್' ತಂದರು. ಇಲ್ಲಿ ಕಣ್ಣ ಮುಂದೆ ಕಡ್ಡಿಯೊಂದನ್ನು ನಿಧಾನವಾಗಿ ಸರಿಸುತ್ತಾರೆ. ನೋಟ ಎಲ್ಲಿ ನಿಂತಾಗ ಎದೆ ಬಿಗಿಯುತ್ತದೋ ಅಲ್ಲೇ ನಿಲ್ಲಿಸಿ, ಒತ್ತಡ ಇಳಿಯುವವರೆಗೆ ಜೊತೆಗೆ ಕೂರುತ್ತಾರೆ. ಹೆಚ್ಚು ಮಾತು ಬೇಕಿಲ್ಲ. ಆದರೆ ಇದರ ಬಗ್ಗೆ ಸಂಶೋಧನೆ ಇನ್ನೂ ಕಡಿಮೆ.

ಕಡ್ಡಿ ಹಿಡಿಯುವುದು ಮಾಸ್ತರರ ಕೆಲಸವಲ್ಲ. ನಾವು ಗದರುವುದನ್ನು ಬಿಟ್ಟೆವು, ಅವನನ್ನು ಅಮ್ಮನೊಂದಿಗೆ ಕೌನ್ಸೆಲರ್ ಬಳಿ ಕಳುಹಿಸಿದೆವು. ಅಲ್ಲಿ ಪ್ರಶ್ನೆಗಳೆಲ್ಲ ಮಲಯಾಳದಲ್ಲಿ. ಹುಡುಗ ತಲೆ ತಗ್ಗಿಸಿ ಕೂತು ಬಂದ.

ಮುಂದಿನ ಸಲ ನಾವೂ ಹೋದೆವು. ಪಕ್ಕದಲ್ಲಿ ಕೂತು, "ಕಿಟಕಿಯಲ್ಲಿ ಏನು ಕಾಣ್ತದೆ ಮಗಾ?" ಎಂದು ಕನ್ನಡದಲ್ಲಿ ಕೇಳಿದೆವು. ತುಂಬಾ ಹೊತ್ತಾದ ಮೇಲೆ ಹೇಳಿದ: "ಅಪ್ಪ ಬಿದ್ದ ರಸ್ತೆ ಕಾಣ್ತದೆ ಸರ್."

ಅಷ್ಟು ದಿನ ಆ ರಸ್ತೆ ನಮ್ಮ ಕಣ್ಣಿಗೂ ಬೀಳುತ್ತಿತ್ತು.

ಸಹೋದ್ಯೋಗಿಗಳೇ, ಬೋರ್ಡು ನೋಡದ ಮಗುವನ್ನು ಗದರುವ ಮೊದಲು ಅದು ಎಲ್ಲಿ ನೋಡುತ್ತಿದೆಯೆಂದು ನೋಡಿ. ಸಹಾಯ ಬೇಕಾದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡವನ್ನೇ ಕೇಳಿ ಪಡೆಯಿರಿ.